ಚಪ್ಪಟೆ ರಟ್ಟಿನ ಓರೆ ಕಿಟಕಿ

‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬ ಗಾದೆಯನ್ನು ಎಸ್ಸೆಸ್ಸೆಲ್ಸಿಯಲ್ಲಿ ನಾವೆಲ್ಲ ವಿಸ್ತರಿಸಿ ಬರೆದು ಅಂಕ ಪಡೆದವರೇ. ಆದರೆ ಅದರ ಅರ್ಥ ನನಗೆ ತಿಳಿದದ್ದು ಈ ವರ್ಷದ ವಿಜ್ಞಾನ ಪ್ರದರ್ಶನಕ್ಕೆ ಎರಡು ದಿನ ಮೊದಲು, ಒಂದು ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ.

ನಮ್ಮ ತಂಡ ಆಯ್ದುಕೊಂಡ ವಿಷಯ ಸುಲಭದ್ದು ಅಂದುಕೊಂಡಿದ್ದೆವು. ಚಪ್ಪಟೆ ರಟ್ಟಿನ ಒಂದು ಕಿಟಕಿ; ನೇರವಾಗಿ ಎದುರಿಗೆ ಇಟ್ಟರೂ ಅದು ಅರ್ಧ ತೆರೆದ ಕಿಟಕಿಯ ಹಾಗೆ ಓರೆಯಾಗಿ ಕಾಣಬೇಕು. ಅದು ಬರೀ ರಟ್ಟು ಎಂದು ನೋಡುವವರಿಗೆ ಎಲ್ಲ ಕಡೆಯಿಂದಲೂ ಗೊತ್ತಾಗಲಿ ಎಂದು ನಿಮಿಷಕ್ಕೆ 10 ಸುತ್ತು ತಿರುಗುವ ಗೇರ್ ಮೋಟಾರ್ ಒಂದನ್ನು ತಂದೆವು. ಕೆಮಿಸ್ಟ್ರಿ ಲ್ಯಾಬಿನ ಸ್ಟ್ಯಾಂಡಿಗೆ ಮೋಟಾರ್ ಕಟ್ಟಿ, ಗಟ್ಟಿ ತಂತಿಯಿಂದ ಕಿಟಕಿಯನ್ನು ಅದಕ್ಕೆ ತೂಗುಹಾಕಿ, ತರಗತಿಯ ಕೊನೆಯ ಬೆಂಚಿನಲ್ಲಿ ಕುಳಿತು ನೋಡಿದರೆ ಅದು ಸುತ್ತುತ್ತಲೇ ಇಲ್ಲ! ಸ್ವಲ್ಪ ಹೋಗುತ್ತದೆ, ನಿಲ್ಲುತ್ತದೆ, ಬಂದ ದಾರಿಯಲ್ಲೇ ಹಿಂದಕ್ಕೆ ಬರುತ್ತದೆ. ಗಾಳಿಗೆ ಆಡುವ ಕಿಟಕಿ ಬಾಗಿಲಿನ ಹಾಗೆ.

ಮೋಟಾರ್ ಕೆಟ್ಟದ್ದು ಎಂದು ನಾವು ಮೂವರೂ ಒಪ್ಪಿಕೊಂಡೆವು. ಸಂಜೆ ಅದನ್ನು ಕಿಟಕಿಯ ಸಮೇತ ಅಂಗಡಿಗೆ ಒಯ್ದು, ಹಾಳಾದ ಮಾಲು ಕೊಟ್ಟಿದ್ದೀರಿ ಎಂದು ಸ್ವಲ್ಪ ಜೋರಾಗಿಯೇ ಹೇಳಿದೆವು. ಅಂಗಡಿಯ ಕಾಕ ಏನೂ ಮಾತಾಡದೆ ಕಿಟಕಿಯನ್ನು ಬಿಚ್ಚಿ, ಮೋಟಾರಿನ ತಂತಿಗೆ ಕೆಂಪು ಟೇಪಿನ ಒಂದು ಚೂರು ಅಂಟಿಸಿ, ಬ್ಯಾಟರಿ ಕೊಟ್ಟರು. ಟೇಪು ಒಂದೇ ದಿಕ್ಕಿಗೆ ಸುತ್ತುತ್ತಿತ್ತು. ಕಿಟಕಿಯನ್ನು ಮತ್ತೆ ಸಿಕ್ಕಿಸಿದರು. ಟೇಪು ಹಾಗೆಯೇ ಸುತ್ತುತ್ತಿತ್ತು. ಕಿಟಕಿ ಮಾತ್ರ ಆಚೆ ಈಚೆ ಆಡಿತು. “ಮೋಟಾರಿನದ್ದು ತಪ್ಪಿಲ್ಲ ಮಕ್ಕಳೇ, ನಿಮ್ಮ ಕಿಟಕಿಯದ್ದೇ ಏನೋ ಇದೆ” ಎಂದರು. ಜೋರು ಮಾಡಿದ್ದಕ್ಕೆ ಕ್ಷಮೆ ಕೇಳಿ ಹೊರಬಂದೆವು.

ಮರುದಿನ ಭೌತಶಾಸ್ತ್ರದ ಸರ್ ನೋಡಿ ನಕ್ಕರು. ಗೊತ್ತಿಲ್ಲದೆಯೇ ನಾವು ಏಮ್ಸ್ ಕಿಟಕಿಯನ್ನು ಮಾಡಿಬಿಟ್ಟಿದ್ದೆವು. ಅಡೆಲ್ಬರ್ಟ್ ಏಮ್ಸ್ (1880–1955) ಅಮೆರಿಕದವರು. ವಕೀಲಿಕೆ ಕಲಿತು, ಅದನ್ನು ಬಿಟ್ಟು ಚಿತ್ರಕಲೆಗೆ ಬಂದು, ಚಿತ್ರ ಬಿಡಿಸುತ್ತಾ ಕಣ್ಣು ಹೇಗೆ ನೋಡುತ್ತದೆ ಎಂಬ ಪ್ರಶ್ನೆಯ ಹಿಂದೆ ಬಿದ್ದು, ಡಾರ್ಟ್‌ಮತ್ ಕಾಲೇಜಿನಲ್ಲಿ ದೃಷ್ಟಿಯ ಸಂಶೋಧಕರಾದರು. ತಿರುಗುವ ಈ ಕಿಟಕಿಯ ಬಗ್ಗೆ ಅವರ ಪ್ರಬಂಧ ಪ್ರಕಟವಾದದ್ದು 1951ರಲ್ಲಿ. ಅವರು ಕೈಯಿಂದ ಅಳೆದು, ಬಣ್ಣ ಬಳಿದು ಮಾಡಿದ್ದನ್ನು ನಾವು ಗಿಂಪ್ ಎಂಬ ಉಚಿತ ತಂತ್ರಾಂಶದಲ್ಲಿ ಮಾಡಿದೆವು. ಫೋಟೋಶಾಪ್ ಇದ್ದವರು ಅದರಲ್ಲೂ ಮಾಡಬಹುದು.

ಮೊದಲು ನೇರವಾದ ಕಿಟಕಿ ಬೇಕು. ನಾನು ನಮ್ಮ ಮನೆಯ ಹಳೆಯ ಮರದ ಕಿಟಕಿಯ ಫೋಟೋ ತೆಗೆದೆ. ಸರಿಯಾಗಿ ಎದುರು ನಿಂತು, ಮೊಬೈಲನ್ನು ಕಿಟಕಿಯ ನಡು ಎತ್ತರದಲ್ಲಿ ಹಿಡಿದು ತೆಗೆಯಬೇಕು. ಇಲ್ಲದಿದ್ದರೆ ಚೌಕಟ್ಟು ಮೇಲೆ ಕಿರಿದಾಗಿ ಬರುತ್ತದೆ. (ಉಮ್ಮ ಕಿಟಕಿಯಲ್ಲಿ ಒಣಗಲು ಹಾಕಿದ್ದ ಬಟ್ಟೆ ತೆಗೆಸಲು ಮಾತ್ರ ನನಗೆ ಅರ್ಧ ಗಂಟೆ ಬೇಕಾಯಿತು.) ಫೋಟೋ ಬೇಡವಾದರೆ ಗಿಂಪ್‌ನಲ್ಲೇ ನಡುವೆ ಒಂದು ನಿಲುಪಟ್ಟಿ, ಎರಡು ಅಡ್ಡಪಟ್ಟಿ ಇರುವ ಆಯತದ ಚೌಕಟ್ಟನ್ನು ಬಿಡಿಸಿ. ಆರು ತೆರಪುಗಳಾದರೆ ಸಾಕು.

ಈಗ ಮುಖ್ಯ ಕೆಲಸ. ಆಯತವನ್ನು ತ್ರಾಪಿಜ್ಯವನ್ನಾಗಿ ಮಾಡಬೇಕು: ಒಂದು ಬದಿ 18 ಸೆಂ.ಮೀ. ಎತ್ತರ, ಎದುರಿನ ಬದಿ 12 ಸೆಂ.ಮೀ., ನಡುವಿನ ಅಗಲ 15 ಸೆಂ.ಮೀ. ಎ4 ಹಾಳೆಯಲ್ಲಿ ಇದು ಆರಾಮವಾಗಿ ಹಿಡಿಸುತ್ತದೆ. ನಾನು ಮೊದಲ ಸಲ ಮಾಡಿದ ತಪ್ಪು ಇಲ್ಲೇ. ಸ್ಕೇಲು ಹಿಡಿದವನಂತೆ ತ್ರಾಪಿಜ್ಯದ ಗೆರೆಗಳನ್ನು ಬಿಡಿಸಿ, ನಿಲುಪಟ್ಟಿಯನ್ನು ಸರಿಯಾಗಿ ನಡುವೆ, 7.5 ಸೆಂ.ಮೀ.ನಲ್ಲಿ ಹಾಕಿದೆ. ನೋಡಿದರೆ ಓರೆ ಕಿಟಕಿ ಅಲ್ಲ, ಬಡಗಿ ತಪ್ಪಾಗಿ ಕೂಡಿಸಿದ ಚೌಕಟ್ಟು!

ಯಾಕೆಂದರೆ ಓರೆಯಾಗಿ ನಿಂತ ಕಿಟಕಿಯಲ್ಲಿ ದೂರದ ಅರ್ಧ ಹತ್ತಿರದ ಅರ್ಧಕ್ಕಿಂತ ಕಿರಿದಾಗಿ ಕಾಣಬೇಕು. ಹಾಗಾದರೆ ನಡುಪಟ್ಟಿ ಎಲ್ಲಿ ಬರಬೇಕು? ತ್ರಾಪಿಜ್ಯಕ್ಕೆ ಎರಡು ಕರ್ಣಗಳನ್ನು ಎಳೆಯಿರಿ. ಅವು ಕೂಡುವ ಬಿಂದುವೇ ಕಿಟಕಿಯ ‘ಕಾಣುವ ನಡು’. ಆಯತದ ಕರ್ಣಗಳು ಅದರ ನಡುವಿನಲ್ಲಿ ಕೂಡುತ್ತವೆ. ಆಯತ ಓರೆಯಾದರೂ ನೇರ ಗೆರೆ ನೇರವಾಗಿಯೇ ಕಾಣುತ್ತದೆ, ಆದ್ದರಿಂದ ಕೂಡುವ ಬಿಂದುವೂ ನಡುವನ್ನು ಬಿಟ್ಟು ಹೋಗುವುದಿಲ್ಲ. ನಮ್ಮ ಅಳತೆಯಲ್ಲಿ ಸಮರೂಪ ತ್ರಿಭುಜಗಳ ಲೆಕ್ಕ ಹಾಕಿದರೆ ಅದು ಉದ್ದ ಬದಿಯಿಂದ 9 ಸೆಂ.ಮೀ., ಗಿಡ್ಡ ಬದಿಯಿಂದ 6 ಸೆಂ.ಮೀ. ದೂರದಲ್ಲಿ ಬರುತ್ತದೆ. ಹತ್ತನೇ ತರಗತಿಯ ರೇಖಾಗಣಿತ ಇಲ್ಲಿ ಕೆಲಸಕ್ಕೆ ಬಂತು.

ಗಿಂಪ್‌ನ ಪರ್‌ಸ್ಪೆಕ್ಟಿವ್ ಟೂಲ್ ಈ ಲೆಕ್ಕವನ್ನು ತಾನೇ ಮಾಡುತ್ತದೆ. ಶಿಫ್ಟ್ ಮತ್ತು ಪಿ ಒತ್ತಿ, ಚಿತ್ರದ ನಾಲ್ಕು ಮೂಲೆಗಳನ್ನು ಹಿಡಿದು, ಮೊದಲೇ ಗುರುತು ಮಾಡಿಟ್ಟ ತ್ರಾಪಿಜ್ಯದ ಮೂಲೆಗಳಿಗೆ ಎಳೆದು ಬಿಟ್ಟರೆ ಪಟ್ಟಿಗಳು ತಮ್ಮ ತಮ್ಮ ಜಾಗಕ್ಕೆ ಸರಿಯುತ್ತವೆ. ಸ್ಕೇಲ್ ಟೂಲಿನಿಂದಲೋ ಶಿಯರ್ ಟೂಲಿನಿಂದಲೋ ಇದು ಆಗುವುದಿಲ್ಲ. ಅವು ಸಮಾಂತರ ಗೆರೆಗಳನ್ನು ಸಮಾಂತರವಾಗಿಯೇ ಉಳಿಸುತ್ತವೆ.

ಆಮೇಲೆ ನೆರಳು. ನಿಜವಾದ ಚೌಕಟ್ಟಿಗೆ ದಪ್ಪ ಇರುತ್ತದೆ. ಓರೆಯಿಂದ ನೋಡಿದಾಗ ಆ ದಪ್ಪ ಕಾಣುವುದು ಪ್ರತಿ ತೆರಪಿನ ದೂರದ ಅಂಚಿನಲ್ಲಿ. ಆದ್ದರಿಂದ ಪ್ರತಿ ತೆರಪಿನೊಳಗೆ ಗಿಡ್ಡ ಬದಿಯ ಕಡೆಗಿನ ಅಂಚಿಗೆ ಒಂದು ಕಪ್ಪು ಪಟ್ಟಿ ಬರಬೇಕು. ಹೊಸ ಲೇಯರ್‌ನಲ್ಲಿ ಬಿಡಿಸಿ, ಮೋಡ್ ಅನ್ನು ಮಲ್ಟಿಪ್ಲೈ ಮಾಡಿ, ತುಸು ತೆಳುವಾಗಿಸಿದರೆ ಮರದ ನೆರಳಿನಂತೆಯೇ ಕಾಣುತ್ತದೆ. ಉಳಿದ ತೆರಪನ್ನು ಮುದ್ರಿಸಿದ ಮೇಲೆ ಬ್ಲೇಡಿನಿಂದ ಕತ್ತರಿಸಿ ತೆಗೆಯಬೇಕು. ರಟ್ಟಿನ ಹಿಂಬದಿಗೂ ಅದೇ ಚಿತ್ರ ಅಂಟಿಸಬೇಕು, ಆದರೆ ಫ್ಲಿಪ್ ಟೂಲಿನಿಂದ ಎಡಬಲ ತಿರುಗಿಸಿ. ಇಲ್ಲದಿದ್ದರೆ ಹಿಂದೆ ಉದ್ದ ಬದಿಗೆ ಗಿಡ್ಡ ಬದಿ ಬಂದು ಕೂರುತ್ತದೆ. ಈ ತಪ್ಪಿಗೆ ನಮ್ಮ ಎರಡು ಬಣ್ಣದ ಪ್ರಿಂಟು ಬಲಿಯಾದವು.

ಮೋಟಾರ್ ಇಲ್ಲದವರು ದಾರಕ್ಕೆ ಹುರಿ ಕೊಟ್ಟು ನೇತುಹಾಕಿ. ದಾರ ಬಿಚ್ಚಿಕೊಳ್ಳುವಷ್ಟು ಹೊತ್ತು ಒಂದೇ ದಿಕ್ಕಿಗೆ ಸುತ್ತುತ್ತದೆ. ಆದರೆ ರಂಧ್ರವನ್ನು 7.5 ಸೆಂ.ಮೀ.ನಲ್ಲಿ ಮಾಡಿದರೆ ಉದ್ದ ಬದಿ ಕೆಳಕ್ಕೆ ಜಗ್ಗುತ್ತದೆ. ಇಡಿಯಾದ ತ್ರಾಪಿಜ್ಯದ ಗುರುತ್ವ ಕೇಂದ್ರ ಉದ್ದ ಬದಿಯಿಂದ 7 ಸೆಂ.ಮೀ. ದೂರದಲ್ಲಿದೆ, ತೆರಪು ಕತ್ತರಿಸಿದ ಮೇಲೆ ಅದು ತುಸು ಬದಲಾಗುತ್ತದೆ, ಹಾಗಾಗಿ ಪೆನ್ಸಿಲ್ ಮೇಲೆ ತೂಗಿ ನೋಡಿಯೇ ರಂಧ್ರ ಮಾಡಿ. ಒಂದೇ ರಟ್ಟಿಗೆ ಮೂರು ನಡು: ಸ್ಕೇಲಿಗೆ 7.5, ತೂಕಕ್ಕೆ 7, ಕಣ್ಣಿಗೆ 9. ನನಗೆ ಈ ಇಡೀ ಪ್ರಯೋಗದಲ್ಲಿ ಹೆಚ್ಚು ಇಷ್ಟವಾದದ್ದು ಇದೇ.

ಇನ್ನು, ಸುತ್ತುವ ಕಿಟಕಿ ಆಡುವಂತೆ ಕಾಣುವುದೇಕೆ? ಹುಟ್ಟಿದಾಗಿನಿಂದ ನಾವು ಕಂಡ ಕಿಟಕಿ, ಬಾಗಿಲು, ಕರಿಹಲಗೆಗಳೆಲ್ಲ ಆಯತಗಳೇ. ಆದ್ದರಿಂದ ಒಂದು ಬದಿ ದೊಡ್ಡದಾಗಿ ಕಂಡರೆ ಮಿದುಳು ‘ಆ ಬದಿ ಉದ್ದವಿದೆ’ ಎನ್ನುವುದಿಲ್ಲ, ‘ಆ ಬದಿ ಹತ್ತಿರವಿದೆ’ ಎನ್ನುತ್ತದೆ. ನಮ್ಮ ರಟ್ಟಿನ ಉದ್ದ ಬದಿ ಹಿಂದಕ್ಕೆ ಹೋದಾಗಲೂ ಗಿಡ್ಡ ಬದಿಗಿಂತ ದೊಡ್ಡದಾಗಿಯೇ ಕಾಣುತ್ತದೆ. ಹತ್ತಿರವಿರುವ ಬದಿ ಹಿಂದಕ್ಕೆ ಹೋಗಿರಲು ಸಾಧ್ಯವಿಲ್ಲವಲ್ಲ! ಆದ್ದರಿಂದ ಅದು ಮುಂದೆಯೇ ಇದ್ದು ವಾಪಸು ಬರುತ್ತಿದೆ ಎಂದು ಮಿದುಳು ತೀರ್ಪು ಕೊಟ್ಟುಬಿಡುತ್ತದೆ. ತುಂಬಾ ಹತ್ತಿರ ಹೋದರೆ ಈ ಆಟ ನಡೆಯುವುದಿಲ್ಲ. ಸುಮಾರು 38 ಸೆಂ.ಮೀ.ಗಿಂತ ಹತ್ತಿರದಲ್ಲಿ, ಮುಂದಿರುವ 12 ಸೆಂ.ಮೀ. ಬದಿಯೇ ಹಿಂದಿರುವ 18 ಸೆಂ.ಮೀ. ಬದಿಗಿಂತ ದೊಡ್ಡದಾಗಿ ಕಾಣುತ್ತದೆ. ಮೂರು ಮೀಟರ್ ದೂರ ನಿಂತು, ಒಂದು ಕಣ್ಣು ಮುಚ್ಚಿ ನೋಡುವುದು ಉತ್ತಮ. ತೆರಪಿನಲ್ಲಿ ಅಡ್ಡಲಾಗಿ ಒಂದು ಪೆನ್ನು ಸಿಕ್ಕಿಸಿದರೆ ಇನ್ನೂ ಮಜಾ: ಪೆನ್ನು ಸುತ್ತುತ್ತದೆ, ಕಿಟಕಿ ಆಡುತ್ತದೆ, ಪೆನ್ನು ಮರದ ಪಟ್ಟಿಯನ್ನು ಸೀಳಿಕೊಂಡು ಹೋದಂತೆ ಕಾಣುತ್ತದೆ.

ವಸ್ತುವಿನ ಗಾತ್ರವನ್ನು ಕಣ್ಣಿನಲ್ಲಿ ಮೂಡುವ ಕೋನ ಒಂದರಿಂದಲೇ ನಾವು ತಿಳಿಯುವುದಿಲ್ಲ, ದೂರದ ಅಂದಾಜೂ ಅದರಲ್ಲಿ ಸೇರಿರುತ್ತದೆ ಎಂದು 11ನೇ ಶತಮಾನದಲ್ಲೇ ಬಸ್ರಾದಲ್ಲಿ ಹುಟ್ಟಿದ ಇಬ್ನ್ ಅಲ್ ಹೈಸಮ್ ತಮ್ಮ ‘ಕಿತಾಬುಲ್ ಮನಾಝಿರ್’ನಲ್ಲಿ ವಿವರಿಸಿದ್ದರು. ಆ ಅಂದಾಜು ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ರಟ್ಟು ಸಾಕ್ಷಿ. ಆಯತಗಳೇ ಕಡಿಮೆ ಇರುವ ಊರಿನವರಿಗೆ ಹೇಗೆ ಕಾಣಬಹುದು ಎಂದು ಆಲ್‌ಪೋರ್ಟ್ ಮತ್ತು ಪೆಟಿಗ್ರೂ ಎಂಬ ಮನೋವಿಜ್ಞಾನಿಗಳು ದಕ್ಷಿಣ ಆಫ್ರಿಕಾದಲ್ಲಿ ದುಂಡನೆಯ ಗುಡಿಸಲುಗಳಲ್ಲಿ ಬೆಳೆದ ಝುಲು ಹುಡುಗರನ್ನು ಕೇಳಿ 1957ರಲ್ಲಿ ಫಲಿತಾಂಶ ಪ್ರಕಟಿಸಿದರು. ದೂರದಿಂದ ಒಂದೇ ಕಣ್ಣಿನಲ್ಲಿ ನೋಡಿದಾಗ ಅವರಲ್ಲೂ ಹೆಚ್ಚಿನವರು ಮೋಸ ಹೋದರು. ಹತ್ತಿರದಿಂದ ಎರಡೂ ಕಣ್ಣಿನಲ್ಲಿ ನೋಡಿದಾಗ ಮಾತ್ರ ಪೇಟೆಯ ಹುಡುಗರಿಗಿಂತ ಅವರು ಕಡಿಮೆ ಮೋಸ ಹೋದರು.

ಕರ್ಣದ ಲೆಕ್ಕ ಕಲಿತ ಮೇಲೆ ನನಗೊಂದು ಚಟ ಹತ್ತಿದೆ. ವಾಟ್ಸಾಪಿನಲ್ಲಿ ಬರುವ ಫೋಟೋದಲ್ಲಿ ಗೋಡೆಯ ಮೇಲೆ ಬೋರ್ಡೋ ಬ್ಯಾನರೋ ಇದ್ದರೆ ಅದರ ಮೇಲಂಚು, ಕೆಳಂಚುಗಳನ್ನು ಗೆರೆ ಎಳೆದು ಉದ್ದಕ್ಕೆ ಬೆಳೆಸುತ್ತೇನೆ. ಅದೇ ಗೋಡೆಯ ಕಿಟಕಿಗಳ ಅಂಚುಗಳನ್ನೂ ಹಾಗೆಯೇ. ಒಂದೇ ಗೋಡೆಯ ಮೇಲೆ ನಿಜವಾಗಿ ಸಮಾಂತರವಾಗಿರುವ ಗೆರೆಗಳೆಲ್ಲ ಫೋಟೋದಲ್ಲಿ ಒಂದೇ ಬಿಂದುವಿನಲ್ಲಿ ಕೂಡಬೇಕು. ಬೋರ್ಡಿನ ಗೆರೆಗಳು ಬೇರೆಲ್ಲೋ ಕೂಡಿದರೆ ಅದು ನಿಜವಾಗಿಯೂ ಸೊಟ್ಟಗೆ ತೂಗುತ್ತಿರಬಹುದು, ಅಥವಾ ಯಾರೋ ಕುಳಿತು ಅಂಟಿಸಿರಬಹುದು. ಫಾರ್ವರ್ಡ್ ಮಾಡುವ ಮೊದಲು ಕೇಳಿ ತಿಳಿಯಬೇಕಾದ ಚಿತ್ರ ಅದು.

ಪ್ರದರ್ಶನದ ದಿನ ಅಂಗಡಿಯ ಕಾಕನನ್ನೂ ಕರೆದಿದ್ದೆವು, ಬಂದರು. ಕೆಂಪು ಟೇಪು ತಂತಿಯ ಮೇಲೆ ಹಾಗೆಯೇ ಇತ್ತು. ಇಷ್ಟೆಲ್ಲ ಲೆಕ್ಕ ಗೊತ್ತಿದ್ದೂ ಕೊನೆಯ ಬೆಂಚಿನಿಂದ ನೋಡಿದರೆ ನನಗೆ ಈಗಲೂ ಅದು ಆಡುವಂತೆಯೇ ಕಾಣುತ್ತದೆ. ಗಿಂಪ್ ಫೈಲನ್ನು ಕಂಪ್ಯೂಟರ್ ಲ್ಯಾಬಿನಲ್ಲಿ ಇಟ್ಟಿದ್ದೇವೆ, ಬೇಕಾದವರು ಪ್ರತಿ ಮಾಡಿಕೊಳ್ಳಬಹುದು. ಪ್ರಿಂಟ್ ಕೊಡುವಾಗ ‘ಫಿಟ್ ಟು ಪೇಜ್’ ಆಯ್ಕೆ ತೆಗೆದಿಡಿ, ಇಲ್ಲದಿದ್ದರೆ ಅಳತೆ ಬದಲಾಗುತ್ತದೆ.