ಮೊದಲ ಫೋಟೋ ಎಡಿಟಿಂಗ್ ಆ್ಯಪ್ ಯಾವುದಿರಲಿ? ಗುಂಡ್ಲುಪೇಟೆಯ ಮೂರು ಚಿತ್ರಗಳೇ ಹೇಳುತ್ತವೆ

ಮುಂಗಾರಿನ ಹೊತ್ತಿಗೆ ಮೈಸೂರು–ಊಟಿ ಹೆದ್ದಾರಿಯಲ್ಲಿ ಬೇಗೂರಿನಿಂದ ಗುಂಡ್ಲುಪೇಟೆ ಕಡೆಗೆ ಬರುವಾಗ ರಸ್ತೆಯ ಬದಿಯಲ್ಲಿ ಕಾರು, ಬೈಕುಗಳು ಸಾಲಾಗಿ ನಿಂತಿರುತ್ತವೆ. ಎರಡೂ ಕಡೆ ಸೂರ್ಯಕಾಂತಿ, ಚೆಂಡು ಹೂವಿನ ಹೊಲಗಳು. ಹೊಲದಲ್ಲಿ ಮೊಬೈಲ್ ಹಿಡಿದ ಜನ. ಮನೆಗೆ ಹೋಗಿ ಚಿತ್ರ ನೋಡಿದಾಗ ಮಾತ್ರ ಮನಸ್ಸಿಗೆ ಪಿಚ್ಚೆನಿಸುತ್ತದೆ. ಹೂವೆಲ್ಲ ಹಳದಿ ಮುದ್ದೆ, ಮುಂದೆ ನಿಂತ ಮಗುವಿನ ಮುಖ ಕಪ್ಪು. ಇದನ್ನು ಸರಿಪಡಿಸಲು ಯಾವ ಆ್ಯಪ್ ಒಳ್ಳೆಯದು ಎಂದು ಕೇಳಿದರೆ ಹತ್ತು ಜನ ಹತ್ತು ಹೆಸರು ಹೇಳುತ್ತಾರೆ.

ಹೆಸರಿಗಿಂತ ಮೊದಲು ನಿಮ್ಮ ಚಿತ್ರಕ್ಕೆ ಏನು ಬೇಕಾಗಿದೆ ಎಂದು ನೋಡಬೇಕು. ಅದಕ್ಕೆ ಗುಂಡ್ಲುಪೇಟೆ ತಾಲ್ಲೂಕಿನಷ್ಟು ಒಳ್ಳೆಯ ಜಾಗ ಸಿಗುವುದು ಕಷ್ಟ. ಬೆಳಿಗ್ಗೆ ಗೋಪಾಲಸ್ವಾಮಿ ಬೆಟ್ಟದ ಮಂಜು, ಮಧ್ಯಾಹ್ನ ಸೂರ್ಯಕಾಂತಿ ಹೊಲ, ಸಂಜೆ ಬಂಡೀಪುರದ ಸಫಾರಿ. ಒಂದೇ ದಿನದಲ್ಲಿ ಸಿಗುವ ಈ ಮೂರು ಚಿತ್ರಗಳ ತೊಂದರೆಗಳು ಬೇರೆ ಬೇರೆ. ಯಾವುದೇ ಆ್ಯಪ್ ಹಾಕಿಕೊಳ್ಳಿ, ಈ ಮೂರನ್ನೂ ಅದರಲ್ಲಿ ತೆರೆದು ನೋಡಿ. ಅದು ನಿಮಗೆ ಆಗುತ್ತದೋ ಇಲ್ಲವೋ ಅಲ್ಲೇ ಗೊತ್ತಾಗುತ್ತದೆ.

ಸೂರ್ಯಕಾಂತಿ: ಬಣ್ಣದ ಪರೀಕ್ಷೆ

ಸಾಮಾನ್ಯ ಜೆಪೆಗ್ ಚಿತ್ರದ ಒಂದೊಂದು ಚುಕ್ಕಿಯಲ್ಲೂ ಕೆಂಪು, ಹಸಿರು, ನೀಲಿ ಎಂಬ ಮೂರು ಅಳತೆಗಳಿರುತ್ತವೆ. ಒಂದೊಂದೂ 0ಯಿಂದ 255ರವರೆಗೆ. ಹಳದಿ ಎಂದರೆ ಕೆಂಪು ಮತ್ತು ಹಸಿರು ಹೆಚ್ಚು, ನೀಲಿ ಕಡಿಮೆ. ನಡುಮಧ್ಯಾಹ್ನದ ಬಿಸಿಲಿನಲ್ಲಿ ಹೂವಿನ ಕೆಂಪು ಅಳತೆ ಆಗಲೇ 255ರ ಹತ್ತಿರ ಇರುತ್ತದೆ. ಬಣ್ಣ ಇನ್ನಷ್ಟು ಎದ್ದು ಕಾಣಲಿ ಎಂದು ಸ್ಯಾಚುರೇಶನ್ ಏರಿಸಿದರೆ ಕೆಂಪು 255ಕ್ಕೆ ಹೋಗಿ ನಿಲ್ಲುತ್ತದೆ, ನೀಲಿ ಸೊನ್ನೆಗೆ ಇಳಿಯುತ್ತದೆ. ಎಸಳಿನ ಗೆರೆಗಳು ಕಾಣಬೇಕಾದರೆ ಅಕ್ಕಪಕ್ಕದ ಚುಕ್ಕಿಗಳ ನಡುವೆ ವ್ಯತ್ಯಾಸ ಇರಬೇಕು. ಎಲ್ಲವೂ ಒಂದೇ ಅಳತೆಗೆ ಬಂದುಬಿಟ್ಟರೆ ಹೂವು ಪ್ಲಾಸ್ಟಿಕ್ಕಿನ ಹಾಗೆ ಕಾಣುತ್ತದೆ.

ಹಾಗಾಗಿ ಆ್ಯಪ್‌ನಲ್ಲಿ ಮೂರು ಸೌಲಭ್ಯ ಹುಡುಕಿ. ಬೆಳಕು ಹೆಚ್ಚಾದ ಭಾಗಕ್ಕೆ ಹೈಲೈಟ್ಸ್, ನೆರಳಿಗೆ ಶಾಡೋಸ್ ಎಂದು ಬೇರೆ ಬೇರೆ ಪಟ್ಟಿಗಳು ಇರಬೇಕು. ಇಡೀ ಚಿತ್ರವನ್ನು ಒಟ್ಟಿಗೆ ಏರಿಸಿ ಇಳಿಸುವ ಬ್ರೈಟ್‌ನೆಸ್ ಒಂದೇ ಸಾಲದು. ಬೆಳಕಿನ ಹಂಚಿಕೆಯನ್ನು ತೋರಿಸುವ ಹಿಸ್ಟೋಗ್ರಾಮ್ ಇರಬೇಕು. ಅದು ಬಲಗಡೆಯ ಗೋಡೆಗೆ ಒತ್ತಿಕೊಂಡಿದ್ದರೆ ಅಲ್ಲಿನ ವಿವರ ಹೋಗಿದೆ ಎಂದು ಅರ್ಥ. ಮೂರನೆಯದಾಗಿ, ಮಗುವಿನ ಮುಖವನ್ನು ಮಾತ್ರ ಬೆಳಗಿಸಿ ಹಿಂದಿನ ಹೂವನ್ನು ಹಾಗೆಯೇ ಬಿಡುವ ಅನುಕೂಲ ಇರಬೇಕು.

ಈ ಮೂರೂ ಗೂಗಲ್‌ನ ಸ್ನ್ಯಾಪ್‌ಸೀಡ್‌ನಲ್ಲಿ ಉಚಿತವಾಗಿ ಸಿಗುತ್ತವೆ. ನಿಕ್ ಸಾಫ್ಟ್‌ವೇರ್ ಎಂಬ ಕಂಪನಿ 2011ರಲ್ಲಿ ತಂದ ಈ ಆ್ಯಪ್ ಮರುವರ್ಷ ಗೂಗಲ್‌ನ ಪಾಲಾಯಿತು. ಅದರ ‘ಸೆಲೆಕ್ಟಿವ್’ನಲ್ಲಿ ಮುಖದ ಮೇಲೆ ಬೆರಳಿಟ್ಟು ಗುರುತಿಸಿ, ಏನನ್ನು ತಿದ್ದಬೇಕೆಂದು ಆರಿಸಿ ಏರಿಸಿದರೆ ಅಥವಾ ಇಳಿಸಿದರೆ ಆ ಭಾಗ ಮಾತ್ರ ಬದಲಾಗುತ್ತದೆ. ಅಡೋಬಿಯ ಲೈಟ್‌ರೂಮ್ ಮೊಬೈಲ್ ಆ್ಯಪ್‌ನಲ್ಲಿರುವ ವೈಬ್ರೆನ್ಸ್ ಕೂಡ ಉಪಯುಕ್ತ. ಅದು ಮಂಕಾದ ಬಣ್ಣವನ್ನು ಹೆಚ್ಚು, ಆಗಲೇ ಗಾಢವಾದದ್ದನ್ನು ಕಡಿಮೆ ಏರಿಸುವುದರಿಂದ ಹೂವು ಬೇಗ ಕೆಡುವುದಿಲ್ಲ. ಆದರೆ ಲೈಟ್‌ರೂಮ್‌ನಲ್ಲಿ ಒಂದು ಭಾಗವನ್ನಷ್ಟೇ ತಿದ್ದುವಂಥ ಹಲವು ಸೌಲಭ್ಯಗಳಿಗೆ ಚಂದಾ ಕಟ್ಟಬೇಕು.

ಬೆಟ್ಟದ ಮಂಜು: ಸಂಯಮದ ಪರೀಕ್ಷೆ

ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಎತ್ತರ 1,454 ಮೀಟರ್. ಹಂಗಳ ಗ್ರಾಮದಿಂದ ಒಳಗೆ ಹೋಗಿ, ಬುಡದಲ್ಲಿ ಸ್ವಂತ ಗಾಡಿ ಬಿಟ್ಟು ಸಾರಿಗೆ ಸಂಸ್ಥೆಯ ಬಸ್ ಹತ್ತಬೇಕು. ಮಂಜು ಕವಿದಾಗ ತೆಗೆದ ಚಿತ್ರದಲ್ಲಿ ನಿಜವಾದ ಕಪ್ಪೂ ಇರುವುದಿಲ್ಲ, ಬಿಳಿಯೂ ಇರುವುದಿಲ್ಲ. ಹಿಸ್ಟೋಗ್ರಾಮ್ ನಡುವೆ ಗುಡ್ಡೆ ಬಿದ್ದಿರುತ್ತದೆ.

‘ಆಟೋ’ ಗುಂಡಿ ಒತ್ತಿದರೆ ಸಾಫ್ಟ್‌ವೇರ್ ಈ ಗುಡ್ಡೆಯನ್ನು ಎರಡೂ ಬದಿಗೆ ಎಳೆದು ಹರಡುತ್ತದೆ. ಮಂಜನ್ನೇ ದೋಷ ಎಂದು ತಿಳಿದು ಒರೆಸಿಬಿಡುತ್ತದೆ. ಮಂಜು ನೋಡಲೆಂದೇ ಬೆಟ್ಟ ಹತ್ತಿದವರಿಗೆ ಇದರಿಂದ ಏನು ಪ್ರಯೋಜನ? ಬೆಟ್ಟದ ಮೇಲಿನ ದೇವಸ್ಥಾನದ ಗೋಪುರದ ಅಂಚು ತುಸು ಸ್ಪಷ್ಟವಾಗಬೇಕು, ಹಿಂದಿನ ಮಂಜು ಉಳಿಯಬೇಕು. ಇದಕ್ಕೆ ಬೆಳಕು–ನೆರಳನ್ನು ಗೆರೆ ಬಗ್ಗಿಸಿ ತಿದ್ದುವ ಕರ್ವ್ಸ್ ಬೇಕು, ಇಲ್ಲವೇ ಲೈಟ್‌ರೂಮ್‌ನಲ್ಲಿರುವ ಮಬ್ಬು ತಗ್ಗಿಸುವ ಡಿಹೇಜ್ ಅನ್ನು ಸ್ವಲ್ಪವೇ ಬಳಸಬೇಕು. ಬರೀ ರೆಡಿಮೇಡ್ ಫಿಲ್ಟರ್‌ಗಳಿರುವ, ಅವುಗಳ ಪ್ರಮಾಣವನ್ನು ಕಡಿಮೆ ಮಾಡಲು ಬಿಡದ ಆ್ಯಪ್‌ಗಳು ಇಲ್ಲೇ ಸೋಲುತ್ತವೆ. ಅಂಥವುಗಳಿಂದ ಎಡಿಟಿಂಗ್ ಕಲಿಯಲೂ ಆಗುವುದಿಲ್ಲ, ಏಕೆಂದರೆ ಒಳಗೆ ಏನು ಬದಲಾಯಿತೆಂದು ಅವು ಹೇಳುವುದೇ ಇಲ್ಲ.

ಸಫಾರಿ: ಕತ್ತಲಿನ ಪರೀಕ್ಷೆ

1973ರಲ್ಲಿ ಹುಲಿ ಯೋಜನೆ ಆರಂಭವಾದಾಗ ಆರಿಸಿದ ಮೊದಲ ಕಾಡುಗಳಲ್ಲಿ ಬಂಡೀಪುರವೂ ಒಂದು. ಸಂಜೆಯ ಸಫಾರಿಯಲ್ಲಿ ಮರದ ನೆರಳು, ಅಲುಗುವ ಗಾಡಿ, ಓಡುವ ಪ್ರಾಣಿ ಮೂರೂ ಸೇರಿದಾಗ ಕ್ಯಾಮೆರಾ ಬೆಳಕಿನ ಸಂವೇದನೆಯ ಮಟ್ಟವಾದ ಐಎಸ್‌ಒ ಏರಿಸುತ್ತದೆ. ಚಿತ್ರದಲ್ಲಿ ಮರಳು ಚೆಲ್ಲಿದಂತೆ ಕಾಣುವ ಕಾಳು, ಅಂದರೆ ನಾಯ್ಸ್, ತುಂಬಿಕೊಳ್ಳುತ್ತದೆ. ಕತ್ತಲ ಭಾಗವನ್ನು ಬೆಳಗಿಸಿದಷ್ಟೂ ಅದು ಎದ್ದು ಕಾಣುತ್ತದೆ.

ಇಲ್ಲಿ ಕಡತದ ಬಗೆಯೂ ಮುಖ್ಯ: ಮಾಮೂಲಿ ಜೆಪೆಗ್, ಇಲ್ಲವೇ ಕ್ಯಾಮೆರಾ ಕಂಡದ್ದನ್ನು ಸಂಸ್ಕರಿಸದೆ ಉಳಿಸುವ ರಾ. ಜೆಪೆಗ್ ಒಂದು ಬಣ್ಣಕ್ಕೆ 256 ಮೆಟ್ಟಿಲು ಇಟ್ಟುಕೊಂಡರೆ, 12 ಬಿಟ್‌ನ ರಾ ಕಡತ 4,096 ಮೆಟ್ಟಿಲು ಇಟ್ಟುಕೊಳ್ಳುತ್ತದೆ, 14 ಬಿಟ್‌ನದು 16,384. ನೆರಳಿನಲ್ಲಿ ನಿಂತ ಜಿಂಕೆಯನ್ನು ಬೆಳಗಿಸಲು ಈ ಹೆಚ್ಚಿನ ಮೆಟ್ಟಿಲುಗಳು ಬೇಕು. ಸಫಾರಿಗೆ ಕ್ಯಾಮೆರಾ ಒಯ್ಯುವವರು ರಾ ತೆರೆಯುವ, ನಾಯ್ಸ್ ತಗ್ಗಿಸುವ ಸಾಫ್ಟ್‌ವೇರನ್ನೇ ಆರಿಸಬೇಕು. ಕಂಪ್ಯೂಟರಿಗೆ ಡಾರ್ಕ್‌ಟೇಬಲ್ ಪೂರ್ತಿ ಉಚಿತ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಕಲಿಯಲು ತಾಳ್ಮೆ ಬೇಕು, ಹಳೆಯ ಲ್ಯಾಪ್‌ಟಾಪ್‌ನಲ್ಲಿ ನಿಧಾನ. ಅದೇ ಕೆಲಸ ಲೈಟ್‌ರೂಮ್‌ನಲ್ಲಿ ಸುಲಭ, ಆದರೆ ಹಣ ಕೊಡಬೇಕು.

ಕನ್ನಡ ಬರೆದು ನೋಡಿ

ಹುಟ್ಟುಹಬ್ಬ, ಜಾತ್ರೆ, ಅಂಗಡಿಯ ಜಾಹೀರಾತು ಎಂದು ಚಿತ್ರದ ಮೇಲೆ ಕನ್ನಡ ಬರೆಯಬೇಕಾದವರಿಗೆ ಇನ್ನೊಂದು ಪರೀಕ್ಷೆ ಇದೆ. ‘ಗುಂಡ್ಲುಪೇಟೆ’ ಎಂದು ಟೈಪ್ ಮಾಡಿ. ಡಕಾರದ ಕೆಳಗೆ ಲಕಾರದ ಒತ್ತು ಸರಿಯಾಗಿ ಕೂತರೆ ಆ ಸಾಫ್ಟ್‌ವೇರ್ ಕನ್ನಡಕ್ಕೆ ಆಗುತ್ತದೆ. ಒತ್ತು ಬಿಡಿಯಾಗಿ ಪಕ್ಕಕ್ಕೆ ಬಿದ್ದರೆ ಯೂನಿಕೋಡ್ ಅಕ್ಷರ ಜೋಡಿಸುವುದು ಅದಕ್ಕೆ ತಿಳಿಯದು. ಹಳೆಯ ಫೋಟೋಶಾಪ್ ಆವೃತ್ತಿಗಳಲ್ಲಿ ಈ ತೊಂದರೆ ಬಂದರೆ ಪ್ರಿಫರೆನ್ಸಸ್‌ನ ಟೈಪ್ ವಿಭಾಗದಲ್ಲಿ ದಕ್ಷಿಣ ಏಷ್ಯಾ ಭಾಷೆಗಳ ಆಯ್ಕೆಯನ್ನು ಗುರುತಿಸಿ, ಸಾಫ್ಟ್‌ವೇರ್ ಮುಚ್ಚಿ ತೆರೆಯಬೇಕು. ಉಚಿತ ಎಡಿಟಿಂಗ್ ಸಾಫ್ಟ್‌ವೇರ್ ಗಿಂಪ್‌ನಲ್ಲಿ ಒತ್ತಕ್ಷರಗಳು ಸರಿಯಾಗಿ ಬರುತ್ತವೆ. ವಿನ್ಯಾಸದ ಕೆಲಸಕ್ಕೆ ಕ್ಯಾನ್ವಾದಲ್ಲೂ ಕನ್ನಡ ಫಾಂಟ್‌ಗಳಿವೆ.

ಮೂಲ ಚಿತ್ರ ಉಳಿಯಬೇಕು

ಯಾವ ಆ್ಯಪ್ ಆದರೂ ತಿದ್ದಿದ ಚಿತ್ರವನ್ನು ಬೇರೆ ಪ್ರತಿಯಾಗಿ ಉಳಿಸುತ್ತದೆಯೇ ನೋಡಿ. ಲೈಟ್‌ರೂಮ್, ಡಾರ್ಕ್‌ಟೇಬಲ್‌ಗಳು ಮೂಲ ಕಡತವನ್ನು ಮುಟ್ಟದೆ, ಮಾಡಿದ ಬದಲಾವಣೆಗಳ ಪಟ್ಟಿಯನ್ನಷ್ಟೇ ಬರೆದಿಡುತ್ತವೆ. ಎಷ್ಟು ದಿನದ ನಂತರ ಬೇಕಾದರೂ ಹಿಂದಕ್ಕೆ ಹೋಗಬಹುದು. ಆದರೂ ಮೂಲ ಚಿತ್ರ ಮತ್ತು ಮುಗಿದ ಚಿತ್ರ ಎರಡನ್ನೂ ಸಾಮಾನ್ಯ ಫೋಲ್ಡರ್‌ನಲ್ಲಿ ಇಟ್ಟುಕೊಳ್ಳಿ. ಬಹಳ ಜನ ನೆಚ್ಚಿದ್ದ ಪಿಕಾಸಾ ಎಂಬ ಫೋಟೋ ಸಾಫ್ಟ್‌ವೇರನ್ನು ಗೂಗಲ್ 2016ರಲ್ಲಿ ನಿಲ್ಲಿಸಿತು. ಸಾಫ್ಟ್‌ವೇರ್ ಹೋದರೂ ಚಿತ್ರ ನಿಮ್ಮಲ್ಲಿರಬೇಕು.

ಪ್ರಿಂಟ್ ಹಾಕಿಸುವವರು ಅಳತೆಯನ್ನೂ ಗಮನಿಸಬೇಕು. 4×6 ಇಂಚಿನ ಪ್ರಿಂಟ್ ಇಂಚಿಗೆ 300 ಚುಕ್ಕಿಯಂತೆ ಚೆನ್ನಾಗಿ ಬರಲು 1,200×1,800 ಚುಕ್ಕಿ ಬೇಕು. ಮಾಮೂಲಿಯಾಗಿ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದರೆ ಚಿತ್ರ ಕುಗ್ಗುತ್ತದೆ; ಸ್ಟುಡಿಯೋಗೆ ಕಳಿಸುವಾಗ ‘ಡಾಕ್ಯುಮೆಂಟ್’ ಆಗಿ ಕಳಿಸಿ.

ಯಾರಿಗೆ ಯಾವುದು?

ಮೊಬೈಲ್ ಮಾತ್ರ ಇರುವವರು ಸ್ನ್ಯಾಪ್‌ಸೀಡ್‌ನಿಂದ ಶುರು ಮಾಡಲಿ. ಫೋನಿನಲ್ಲಿ ಹಾಕಿಕೊಂಡ ಮೇಲೆ ನೆಟ್‌ವರ್ಕ್ ಸಿಗದ ಕಾಡಂಚಿನಲ್ಲೂ ಅದು ಕೆಲಸ ಮಾಡುತ್ತದೆ. ಕಂಪ್ಯೂಟರಿನಲ್ಲಿ ಏನನ್ನೂ ಇನ್‌ಸ್ಟಾಲ್ ಮಾಡಲಾಗದವರು ಬ್ರೌಸರ್‌ನಲ್ಲೇ ತೆರೆಯುವ ಫೋಟೋಪೀ ಬಳಸಬಹುದು. ಫೋಟೋಶಾಪ್ ಕಡತಗಳೂ ಅದರಲ್ಲಿ ತೆರೆಯುತ್ತವೆ. ಸ್ಟುಡಿಯೋ, ಡಿಟಿಪಿ ಕೆಲಸಕ್ಕೆ ಇಳಿಯಬೇಕೆನ್ನುವ ಹುಡುಗ ಹುಡುಗಿಯರು ಗಿಂಪ್‌ನಲ್ಲಿ ಚಿತ್ರವನ್ನು ಪದರಗಳಾಗಿ ತಿದ್ದುವ ಲೇಯರ್, ಒಂದು ಭಾಗವನ್ನು ಮರೆಮಾಡುವ ಮಾಸ್ಕ್ ಕಲಿಯಲಿ. 2025ರ ಮಾರ್ಚ್‌ನಲ್ಲಿ ಅದರ 3.0 ಆವೃತ್ತಿ ಬಂದಿದೆ. ಅಲ್ಲಿ ಕಲಿತ ತತ್ವ ಫೋಟೋಶಾಪ್‌ಗೂ ಒದಗುತ್ತದೆ. ಸಫಾರಿ ಚಿತ್ರದ ಹುಚ್ಚು ಹಿಡಿದವರು ಡಾರ್ಕ್‌ಟೇಬಲ್ ಅಥವಾ ಲೈಟ್‌ರೂಮ್‌ಗೆ ಹೋಗಲಿ.

ಕಾಡಿನ ಅಂಚಿನಲ್ಲಿ ಬದುಕುವ ನಮಗೆ ಎರಡು ಎಚ್ಚರಿಕೆಗಳು ಬೇಕು. ಫೋಟೋದ ಕಡತದಲ್ಲಿ ತೆಗೆದ ಜಾಗದ ಜಿಪಿಎಸ್ ಗುರುತು ಇರಬಹುದು. ಹುಲಿ, ಚಿರತೆಯ ಚಿತ್ರ ಹಂಚುವ ಮೊದಲು ಅದನ್ನು ಅಳಿಸಿ, ಕಳ್ಳಬೇಟೆಗಾರರಿಗೆ ದಾರಿ ತೋರಿಸಬೇಡಿ. ಇನ್ನೊಂದು, ಈಗಿನ ಎಐ ಸೌಲಭ್ಯದಿಂದ ಯಾರದೋ ಹೊಲದ ಚಿತ್ರಕ್ಕೆ ಇಲ್ಲದ ಹುಲಿಯನ್ನು ಸೇರಿಸುವುದು ಕ್ಷಣದ ಕೆಲಸ. ಅಂಥ ಚಿತ್ರ ಊರ ಗುಂಪುಗಳಲ್ಲಿ ಹರಿದರೆ ಜನ ಹೊಲಕ್ಕೆ ಹೋಗಲು ಹೆದರುತ್ತಾರೆ, ಅರಣ್ಯ ಸಿಬ್ಬಂದಿ ಸುಮ್ಮನೆ ಅಲೆಯುತ್ತಾರೆ. ತಮಾಷೆಗೂ ಹಾಗೆ ಮಾಡಬೇಡಿ.

ಒಂದು ಆ್ಯಪ್ ಆರಿಸಿದ ಮೇಲೆ ಕೆಲವು ವಾರ ಅದನ್ನೇ ಬಳಸಿ. ಕ್ರಾಪ್, ಹೈಲೈಟ್ಸ್, ಶಾಡೋಸ್, ಬೆಳಕಿನ ಬಣ್ಣವನ್ನು ಸರಿದೂಗಿಸುವ ವೈಟ್ ಬ್ಯಾಲೆನ್ಸ್, ಕರ್ವ್ಸ್ ಈ ಐದು ಕೈಗೆ ಹತ್ತಿದರೆ ಮನೆಯ ಆಲ್ಬಮ್ಮಿನ ಬಹುಪಾಲು ಚಿತ್ರಗಳಿಗೆ ಸಾಕು. ನಿಮಗೆ ಬೇಕಾದ ಒಂದು ಕೆಲಸ ಅದರಲ್ಲಿ ಆಗುವುದೇ ಇಲ್ಲ ಎಂದು ಖಚಿತವಾದಾಗ ಮುಂದಿನದಕ್ಕೆ ಹೋಗಿ. ಅಷ್ಟು ಹೊತ್ತಿಗೆ ಹೊಸ ಸಾಫ್ಟ್‌ವೇರಿನಲ್ಲಿ ಏನನ್ನು ಹುಡುಕಬೇಕೆಂದು ನಿಮಗೇ ತಿಳಿದಿರುತ್ತದೆ.