ನಿಮಗಿದು ಗೊತ್ತೆ? ಲಾಸಾದ ಮಠಗಳು ನಮ್ಮ ರಾಜ್ಯದಲ್ಲೇ ಇವೆ!

ಬೌದ್ಧ ಮಠ ನೋಡಲೆಂದು ಒಬ್ಬರೇ ಲಡಾಖ್, ಸ್ಪಿತಿ ಕಣಿವೆಗಳಿಗೆ ಹೊರಡುವವರಿದ್ದಾರೆ. ತಿಪಟೂರು ಬಳಿಯ ನೊಣವಿನಕೆರೆಯವರು ಅಷ್ಟು ದೂರ ಹೋಗಬೇಕಿಲ್ಲ. ತಿಪಟೂರಿನಲ್ಲಿ ಹುಬ್ಬಳ್ಳಿ ರೈಲು ಹತ್ತಿ, ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಮುಂಡಗೋಡಕ್ಕೆ ಹೋದರಾಯಿತು.

ಅಲ್ಲಿರುವ ಡ್ರೆಪುಂಗ್, ಗಾಂಡೆನ್ ಮತ್ತು ಬೈಲಕುಪ್ಪೆಯ ಸೆರಾ, ಈ ಮೂರೂ 15ನೇ ಶತಮಾನದ ಆರಂಭದಲ್ಲಿ ಲಾಸಾ ಸುತ್ತಮುತ್ತ ಹುಟ್ಟಿದ ಮಹಾಮಠಗಳು. 1959ರಿಂದೀಚೆಗೆ ಟಿಬೆಟ್ ಬಿಟ್ಟು ಬಂದ ಭಿಕ್ಷುಗಳು, ಅಂದಿನ ಮೈಸೂರು ರಾಜ್ಯ ಕೊಟ್ಟ ಜಾಗದಲ್ಲಿ ಇವನ್ನು ಮತ್ತೆ ಕಟ್ಟಿದರು.

ಮಠದ ಅಂಗಳದಲ್ಲಿ ಭಿಕ್ಷುಗಳ ನಡುವೆ ನಡೆಯುವ ಶಾಸ್ತ್ರವಾದವನ್ನು ನೋಡಲೇಬೇಕು. ನಿಂತವರು ಕಾಲು ಅಪ್ಪಳಿಸಿ, ಚಪ್ಪಾಳೆ ತಟ್ಟಿ ಪ್ರಶ್ನೆ ಎಸೆಯುತ್ತಾರೆ. ಕುಳಿತವರು ತಕ್ಷಣ ಉತ್ತರಿಸಬೇಕು.

ಈ ಮಠಗಳಿಗೆ ಹೋಗಲು ಭಾರತೀಯರಿಗೆ ಪರವಾನಗಿ ಬೇಕಿಲ್ಲ. ವಿದೇಶಿ ಸ್ನೇಹಿತರು ಅಲ್ಲಿ ತಂಗುವುದಾದರೆ ಮೊದಲೇ ಕೇಂದ್ರ ಗೃಹ ಸಚಿವಾಲಯದ ಅನುಮತಿ ಪಡೆದಿರಬೇಕು.