ಕಮ್ಮಾರನ ಮಗನೂ ವಿದ್ಯುಚ್ಛಕ್ತಿಯೂ

ವಿದ್ಯುಚ್ಛಕ್ತಿಯ ಚರಿತ್ರೆ ಎಂದೊಡನೆ ಸೂತ್ರಗಳೂ ಸಮೀಕರಣಗಳೂ ಕಣ್ಣ ಮುಂದೆ ಬಂದು, ನಮ್ಮಂಥ ಕಲಾವಿಭಾಗದವರು ಪುಟ ಮಗುಚಿಬಿಡುವುದುಂಟು. ಆದರೆ ಈ ಚರಿತ್ರೆಯನ್ನು ನಡೆಸಿದವರೆಲ್ಲರೂ ಗಣಿತಜ್ಞರಲ್ಲ. ಅವರಲ್ಲಿ ವೈದ್ಯರಿದ್ದರು, ಬಟ್ಟೆಗೆ ಬಣ್ಣ ಹಾಕುವವನಿದ್ದನು, ಮುದ್ರಕನಿದ್ದನು, ಪುಸ್ತಕಕ್ಕೆ ರಟ್ಟು ಕಟ್ಟುವವನೂ ಒಬ್ಬನಿದ್ದನು. ಆ ಕೊನೆಯವನ ಸಂಗತಿಯನ್ನೇ ನಾನು ಮುಖ್ಯವಾಗಿ ಹೇಳಬೇಕೆಂದಿದ್ದೇನೆ.

ಉಜ್ಜಿದ ಅಂಬರು ಹುಲ್ಲುಕಡ್ಡಿಯನ್ನು ಸೆಳೆಯುತ್ತದೆಂಬುದು ಪ್ರಾಚೀನ ಗ್ರೀಕರಿಗೇ ತಿಳಿದಿತ್ತು. ಅಂಬರಿಗೆ ಅವರು ಇಟ್ಟಿದ್ದ ‘ಎಲೆಕ್ಟ್ರಾನ್’ ಎಂಬ ಹೆಸರೇ ‘ಎಲೆಕ್ಟ್ರಿಸಿಟಿ’ಗೆ ಮೂಲ. 1600ರಲ್ಲಿ ಇಂಗ್ಲೆಂಡಿನ ವೈದ್ಯ ಗಿಲ್ಬರ್ಟನು ಈ ಸೆಳೆತ ಬೇರೆ, ಅಯಸ್ಕಾಂತದ ಸೆಳೆತ ಬೇರೆ ಎಂದು ತೋರಿಸಿದನು. ಬಣ್ಣಗಾರನಾದ ಸ್ಟೀಫನ್ ಗ್ರೇ 1729ರಲ್ಲಿ ನೂರಾರು ಅಡಿ ಉದ್ದದ ಹುರಿಯ ಮೇಲೆ ವಿದ್ಯುತ್ತನ್ನು ಹರಿಸಿದನು. ಮುದ್ರಕ ಫ್ರಾಂಕ್ಲಿನ್ನನ ಗಾಳಿಪಟದ ಕಥೆ, 1752ರದು, ಎಲ್ಲರಿಗೂ ಗೊತ್ತು. ಇದೆಲ್ಲ ಕಿಡಿಯ ಕಾಲ; ಚಟ್ಟೆಂದು ಹಾರಿ ಆರಿಹೋಗುವ ಕಿಡಿಯಿಂದ ಯಾವ ಕೆಲಸವನ್ನು ಮಾಡಿಸಲು ಸಾಧ್ಯ?

ಹರಿಯುವ ವಿದ್ಯುತ್ತು ಸಿಕ್ಕಿದುದು ಒಂದು ಜಗಳದಿಂದ. ಇಟಲಿಯ ಬೊಲೊನ್ಯದಲ್ಲಿ ಅಂಗರಚನಾಶಾಸ್ತ್ರದ ಅಧ್ಯಾಪಕನಾಗಿದ್ದ ಗ್ಯಾಲ್ವನಿಯು, ಸತ್ತ ಕಪ್ಪೆಯ ಕಾಲಿಗೆ ಹಿತ್ತಾಳೆಯ ಕೊಕ್ಕೆ ಚುಚ್ಚಿ ಕಬ್ಬಿಣದ ಕಟಾಂಜನಕ್ಕೆ ತಗುಲಿಸಿದಾಗ ಕಾಲು ಸೆಟೆದುದನ್ನು ಕಂಡು, ಪ್ರಾಣಿಯ ದೇಹದಲ್ಲೇ ವಿದ್ಯುತ್ತಿದೆ ಎಂದು 1791ರಲ್ಲಿ ಪ್ರಕಟಿಸಿದನು. ಪಾವಿಯದ ವೋಲ್ಟನು ಒಪ್ಪಲಿಲ್ಲ. ವಿದ್ಯುತ್ತು ಎರಡು ಭಿನ್ನ ಲೋಹಗಳ ಸ್ಪರ್ಶದಿಂದ ಬಂತು, ಕಪ್ಪೆ ಬರಿಯ ಸಾಕ್ಷಿ ಎಂದನು. ಅದನ್ನು ಸಾಧಿಸಲೆಂದು ಬೆಳ್ಳಿ, ಸತು, ಉಪ್ಪುನೀರಿನಲ್ಲಿ ನೆನೆದ ರಟ್ಟು, ಹೀಗೆ ಬಿಲ್ಲೆಗಳನ್ನು ಒಂದರ ಮೇಲೊಂದು ಪೇರಿಸಿ 1800ರಲ್ಲಿ ಲೋಕಕ್ಕೆ ಮೊದಲ ಬ್ಯಾಟರಿಯನ್ನು ಕೊಟ್ಟನು. ತಮಾಷೆಯೆಂದರೆ, ಇಬ್ಬರದೂ ಅರ್ಧ ಸತ್ಯವೇ. ನರಗಳಲ್ಲಿ ವಿದ್ಯುತ್ತು ಇದ್ದೇ ಇದೆ. ವೋಲ್ಟನ ಕಂಬದಲ್ಲಿ ಕೆಲಸ ಮಾಡಿದ್ದು ಬರಿಯ ಸ್ಪರ್ಶವಲ್ಲ, ರಾಸಾಯನಿಕ ಕ್ರಿಯೆ. ವೋಲ್ಟನನ್ನು ನೆಪೋಲಿಯನ್ ಸನ್ಮಾನಿಸಿದನು. ನೆಪೋಲಿಯನ್ನನ ಕೈಕೆಳಗಿನ ಹೊಸ ಗಣರಾಜ್ಯಕ್ಕೆ ನಿಷ್ಠೆಯ ಪ್ರಮಾಣ ಮಾಡಲು ಒಪ್ಪದೆ ಹುದ್ದೆ ಕಳೆದುಕೊಂಡಿದ್ದ ಗ್ಯಾಲ್ವನಿ, 1798ರಲ್ಲೇ ತೀರಿಕೊಂಡಿದ್ದನು.

ಗ್ಯಾಲ್ವನಿಯ ಗ್ರಂಥ ಹೊರಬಂದ 1791ರಲ್ಲೇ ಲಂಡನ್ನಿನ ಬಳಿ ಬಡ ಕಮ್ಮಾರನೊಬ್ಬನಿಗೆ ಮೈಕೇಲ್ ಫ್ಯಾರಡೆ ಹುಟ್ಟಿದನು. ಓದು, ಬರಹ, ಸ್ವಲ್ಪ ಲೆಕ್ಕ: ಇಷ್ಟೇ ಅವನ ಶಾಲೆ. ಹದಿನಾಲ್ಕನೆಯ ವಯಸ್ಸಿನಲ್ಲಿ ರಟ್ಟು ಕಟ್ಟುವ ಅಂಗಡಿಗೆ ಸೇರಿ, ಕಟ್ಟಲು ಬಂದ ಪುಸ್ತಕಗಳನ್ನೇ ಓದತೊಡಗಿದನು. ವಿಶ್ವಕೋಶದ ವಿದ್ಯುತ್ತಿನ ಲೇಖನವನ್ನು ಓದಿದ್ದೂ ಹಾಗೆಯೇ. 1812ರಲ್ಲಿ ಗಿರಾಕಿಯೊಬ್ಬನು ಕೊಟ್ಟ ಟಿಕೆಟ್ಟಿನಿಂದ ಹಂಫ್ರಿ ಡೇವಿಯ ನಾಲ್ಕು ಉಪನ್ಯಾಸಗಳನ್ನು ಕೇಳಿ, ಟಿಪ್ಪಣಿಗಳನ್ನು ತಾನೇ ರಟ್ಟು ಕಟ್ಟಿ ಡೇವಿಗೆ ಕಳಿಸಿದನು. ಮರುವರ್ಷ ಮಾರ್ಚಿಯಲ್ಲಿ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಸಹಾಯಕನ ಕೆಲಸ ದೊರೆಯಿತು. ಡೇವಿಯ ಜೊತೆ ಯೂರೋಪನ್ನು ಸುತ್ತುವಾಗ ಡೇವಿಯ ಹೆಂಡತಿ ಅವನನ್ನು ಆಳಿನಂತೆ ಕಂಡಳು. 1824ರಲ್ಲಿ ರಾಯಲ್ ಸೊಸೈಟಿಗೆ ಅವನು ಆಯ್ಕೆಯಾಗುವಾಗ ಡೇವಿಯೇ ವಿರೋಧಿಸಿದನು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗನಾದ್ದರಿಂದಲೋ ಏನೋ, ಈ ಭಾಗವನ್ನು ಬೇಗ ಓದಿ ಮುಗಿಸಲು ನನ್ನಿಂದ ಆಗಲಿಲ್ಲ.

1820ರಲ್ಲಿ ಡೆನ್ಮಾರ್ಕಿನ ಅರ್ಸ್ಟೆಡ್, ವಿದ್ಯುತ್ತು ಹರಿಯುವ ತಂತಿಯ ಬಳಿ ದಿಕ್ಸೂಚಿಯ ಮುಳ್ಳು ತಿರುಗುವುದನ್ನು ತೋರಿಸಿದ್ದನು. ವಿದ್ಯುತ್ತಿನಿಂದ ಕಾಂತತ್ವ ಬರುವುದಾದರೆ ಕಾಂತತ್ವದಿಂದ ವಿದ್ಯುತ್ತೇಕೆ ಬಾರದು? 1831ರ ಆಗಸ್ಟ್ 29ರಂದು ಫ್ಯಾರಡೆ ಕಬ್ಬಿಣದ ಬಳೆಯೊಂದರ ಎರಡು ಪಕ್ಕಗಳಿಗೆ ತಾಮ್ರದ ತಂತಿಯನ್ನು ಬೇರೆಬೇರೆಯಾಗಿ ಸುತ್ತಿ, ಒಂದನ್ನು ಬ್ಯಾಟರಿಗೆ ಜೋಡಿಸಿದನು. ಇನ್ನೊಂದರ ಬಳಿಯಿದ್ದ ಮುಳ್ಳು ಒಮ್ಮೆ ಬೆಚ್ಚಿ ಸುಮ್ಮನಾಯಿತು. ಬ್ಯಾಟರಿಯನ್ನು ತೆಗೆದಾಗ ಮತ್ತೊಮ್ಮೆ ಬೆಚ್ಚಿತು. ಪ್ರವಾಹ ಸ್ಥಿರವಾಗಿದ್ದಾಗ ಏನೂ ಇಲ್ಲ! ಗುಟ್ಟು ಇದ್ದುದು ಬದಲಾವಣೆಯಲ್ಲಿ. ಅಕ್ಟೋಬರ್ 17ರಂದು ತಂತಿಯ ಸುರುಳಿಯೊಳಕ್ಕೆ ಅಯಸ್ಕಾಂತವನ್ನು ನೂಕಿ, ಹೊರಕ್ಕೆಳೆದು, ಅದರ ಚಲನೆಯೊಂದರಿಂದಲೇ ವಿದ್ಯುತ್ತನ್ನು ಪಡೆದನು. ನಮ್ಮ ಶಿವನಸಮುದ್ರದಲ್ಲಿ ಕಾವೇರಿ ಚಕ್ರವನ್ನು ತಿರುಗಿಸಿ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತನ್ನು ಕಳಿಸಿದ್ದೂ ಈ ತತ್ವದಿಂದಲೇ.

ಗಣಿತ ಬಾರದ ಫ್ಯಾರಡೆ ಇದನ್ನೆಲ್ಲ ವಿವರಿಸಿದ್ದು ಚಿತ್ರಗಳಿಂದ. ಅಯಸ್ಕಾಂತದ ಮೇಲೆ ಕಾಗದವಿಟ್ಟು ಕಬ್ಬಿಣದ ಅರದ ಪುಡಿ ಉದುರಿಸಿದರೆ ಏಳುವ ಗೆರೆಗಳನ್ನು ಅವನು ‘ಬಲರೇಖೆ’ಗಳೆಂದು ಕರೆದನು; ತಂತಿ ಆ ರೇಖೆಗಳನ್ನು ಕತ್ತರಿಸಿದಾಗ ವಿದ್ಯುತ್ತು ಹುಟ್ಟುತ್ತದೆ ಎಂದನು. ಗಣಿತಜ್ಞರಲ್ಲಿ ಹಲವರಿಗೆ ಇದು ರುಚಿಸಲಿಲ್ಲ. ಇದನ್ನು ಗಂಭೀರವಾಗಿ ತೆಗೆದುಕೊಂಡವನು, ಆ 1831ರಲ್ಲೇ ಹುಟ್ಟಿದ ಮ್ಯಾಕ್ಸ್‌ವೆಲ್. 1857ರಲ್ಲಿ ಮುದುಕ ಫ್ಯಾರಡೆ ಆ ತರುಣನಿಗೆ ಕಾಗದ ಬರೆದು, ಗಣಿತದಿಂದ ಕಂಡುಕೊಂಡುದನ್ನು ಅಷ್ಟೇ ಖಚಿತವಾಗಿ ಸಾಮಾನ್ಯರ ಮಾತಿನಲ್ಲಿಯೂ ಹೇಳಲು ಆಗದೇ, ಆದರೆ ನಮ್ಮಂಥವರಿಗೆ ದೊಡ್ಡ ಉಪಕಾರವಲ್ಲವೇ ಎಂದು ಕೇಳಿದನು. ಕನ್ನಡದಲ್ಲಿ ವಿಜ್ಞಾನ ಬರೆಯಲು ಹೊರಟವರು ಈ ಪ್ರಶ್ನೆಯನ್ನು ಮೇಜಿನ ಮೇಲೆ ಬರೆದಿಟ್ಟುಕೊಳ್ಳಬಹುದು. ಮ್ಯಾಕ್ಸ್‌ವೆಲ್ ಆ ರೇಖೆಗಳನ್ನು ಸಮೀಕರಣಗಳಾಗಿ ಮಾಡಿ, ಬೆಳಕೂ ವಿದ್ಯುತ್ಕಾಂತೀಯ ಅಲೆಯೇ ಎಂಬ ನಿರ್ಣಯಕ್ಕೆ ಬಂದನು. 1873ರ ತನ್ನ ದೊಡ್ಡ ಗ್ರಂಥದ ಮುನ್ನುಡಿಯಲ್ಲಿ, ಫ್ಯಾರಡೆಯ ಪ್ರಯೋಗಗಳ ಪುಸ್ತಕವನ್ನು ಪೂರ್ತಿ ಓದಿ ಮುಗಿಸುವವರೆಗೆ ಈ ವಿಷಯದ ಗಣಿತವನ್ನು ಮುಟ್ಟಬಾರದೆಂದು ತಾನು ನಿಶ್ಚಯಿಸಿಕೊಂಡಿದ್ದುದನ್ನು ಅವನೇ ಹೇಳಿಕೊಂಡಿದ್ದಾನೆ.